ಗಡಿಯ ಮೇಲೆ ನಿಂತ ಬಿಳಿ ಕಣಗಳು

ಗಡಿ ಎಂಬುದು ಮನುಷ್ಯಕುಲದ ಅತ್ಯಂತ ಗಂಭೀರ ವಿಚಾರ. ಗಡಿಗಾಗಿ ರಾಜ್ಯಗಳು ಕಾದಾಡಿವೆ, ಒಂದು ಗೇಣು ಬದುವಿಗಾಗಿ ಅಣ್ಣತಮ್ಮಂದಿರು ಮೂರು ತಲೆಮಾರು ಮಾತು ಬಿಟ್ಟಿದ್ದಾರೆ. ಆದರೆ ನಾನು ಹತ್ತಿರದಿಂದ ಕಂಡ ಒಂದೇ ಒಂದು ಮಹತ್ವದ ಗಡಿ ಕಿರುಬೆರಳಿನಷ್ಟು ತೆಳ್ಳಗಿನ ಗಾಜಿನ ನಳಿಕೆಯೊಳಗಿತ್ತು. ಅದರ ವಿಸ್ತೀರ್ಣ ಒಂದು ಕಡಲೆಬೇಳೆಯಷ್ಟು. ಅದನ್ನು ಕಾಯುತ್ತಿದ್ದವರು ನಮ್ಮೂರ ಹಾಲಿನ ಡೇರಿಯ ಟೆಸ್ಟರು.

ಅವರ ಅಂಗಿಯನ್ನು ದೂರದಿಂದ ನೋಡಿದವರು ಚುಕ್ಕೆ ಚುಕ್ಕೆಯ ಬಟ್ಟೆ ಎಂದುಕೊಳ್ಳುತ್ತಿದ್ದರು. ಹತ್ತಿರ ಬಂದರೆ ಆ ಚುಕ್ಕೆಗಳ ಮೂಲಕ ಒಳಗಿನ ಬನಿಯನ್ ಕಾಣುತ್ತಿತ್ತು. ಮೂವತ್ತು ವರ್ಷ ಗಂಧಕದ ಆಸಿಡ್ ಸಿಡಿದು ಸಿಡಿದು, ಅವರ ಎಲ್ಲ ಅಂಗಿಗಳೂ ಬಲಗಡೆ ಜರಡಿಯಾಗಿದ್ದವು. ಎಡಗಡೆ ಮಾತ್ರ ಸರಕಾರಿ ಕಾಗದದ ಹಾಗೆ ಕಳಂಕವಿಲ್ಲದೆ ಇರುತ್ತಿತ್ತು. ಆ ಎಡ ಜೇಬಿನಲ್ಲಿ ಒಂದು ಪೆನ್ಸಿಲ್, ಒಂದು ಭೂತಗನ್ನಡಿ, ಮತ್ತು ಯಾರಿಗೂ ತೋರಿಸದ ಒಂದು ಸಣ್ಣ ನೋಟುಬುಕ್ಕು.

ನಳಿಕೆಯನ್ನು ಅವರು ನೋಡುವ ರೀತಿಯನ್ನು ನೋಡುವುದಕ್ಕೆಂದೇ ಕೆಲವರು ಡೇರಿಗೆ ಬರುತ್ತಿದ್ದರು. ಬಾಗಿಲಿನ ಬೆಳಕಿಗೆ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಮೊದಲು ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಓದುತ್ತಿದ್ದರು. ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ. ಎರಡೂ ಒಂದೇ ಅಂಕಿ ಹೇಳಿದರೆ ಮಾತ್ರ ಬರೆದುಕೊಳ್ಳುವುದು. ಯಾಕೆ ಹೀಗೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಅವರು ಗಂಭೀರವಾಗಿ ಹೇಳಿದರು: "ಇಬ್ಬರು ಸಾಕ್ಷಿ ಇದ್ರ ಬ್ಯಾರೆ ಬ್ಯಾರೆ ಕೇಳಬೇಕ್ರಿ ಮಾಸ್ತರ. ಕೂಡಿಸಿ ಕೇಳಿದ್ರ ಒಬ್ಬರ ಮಾರಿ ಒಬ್ಬರು ನೋಡಿ ಹೇಳತಾರ."

ಅವರು ಇಂಡಿ ತಾಲೂಕಿನ ಅಗರಖೇಡದ ಕಡೆಯವರು. ಭೀಮಾ ನದಿ ದಾಟಿದರೆ ಮಹಾರಾಷ್ಟ್ರ. ಹಾಗಾಗಿ ಲೆಕ್ಕ ಕನ್ನಡದಲ್ಲಿ ಮಾಡಿ, ಸಿಟ್ಟು ಮರಾಠಿಯಲ್ಲಿ ಮಾಡುತ್ತಿದ್ದರು. ಸಿಂದಗಿಯ ಕಡೆ ಎಂಟು ವರ್ಷ, ಮುದ್ದೇಬಿಹಾಳದ ಕಡೆ ಹನ್ನೊಂದು ವರ್ಷ ಹಾಲು ಪರೀಕ್ಷೆ ಮಾಡಿ, ಎರಡೂ ಕಡೆ ಹಾಲಿಗಿಂತ ಮೊದಲು ಮನುಷ್ಯರನ್ನು ಪರೀಕ್ಷೆ ಮಾಡಿದ್ದರಿಂದ ಆ ಊರವರು ಹಾರ ಹಾಕಿ ಬೀಳ್ಕೊಟ್ಟಿದ್ದರು. ಹಾರ ಹಾಕುವಾಗ ಇವರು ಅದರ ಹೂವು ಎಣಿಸಿದರು ಎಂದು ಒಂದು ಸುದ್ದಿ ಇದೆ. ನಾನು ನಂಬುವುದಿಲ್ಲ, ಆದರೆ ಅಲ್ಲಗಳೆಯುವ ಧೈರ್ಯವೂ ಇಲ್ಲ.

ನಮ್ಮದು ಬಸವನ ಬಾಗೇವಾಡಿ ತಾಲೂಕಿನ ಹಳ್ಳಿ. ಮುಳವಾಡದ ಏತದ ನೀರು ಕಾಲುವೆಗೆ ಹರಿದ ಮೇಲೆ ಮೇವು ಹೆಚ್ಚಿತು, ಮೇವು ಹೆಚ್ಚಿದ ಮೇಲೆ ಎಮ್ಮೆ ಹೆಚ್ಚಿದವು, ಎಮ್ಮೆ ಹೆಚ್ಚಿದ ಮೇಲೆ ಹಾಲಿನ ಸಂಘ ಹುಟ್ಟಿತು. ಸಂಘದ ಅಧ್ಯಕ್ಷನಾಗುವವನು ಹಾಲು ಹಾಕುವ ಸದಸ್ಯನಾಗಿರಬೇಕು, ಓದಿದವನಾಗಿರಬೇಕು, ಯಾರ ಕೂಡೆಯೂ ಜಗಳ ಇರಬಾರದು ಎಂದು ಊರವರು ತೀರ್ಮಾನಿಸಿದರು. ಇಂಥವರು ಇಬ್ಬರು ಸಿಕ್ಕರು. ಇನ್ನೊಬ್ಬರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹೀಗಾಗಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾಗಿ ಒಂದು ಎಮ್ಮೆ ಕಟ್ಟಿಕೊಂಡಿದ್ದ ನಾನು ಅಧ್ಯಕ್ಷನಾದೆ. ಟೆಸ್ಟರನ್ನು ಕೆಲಸಕ್ಕೆ ತೆಗೆದುಕೊಂಡ ಕಾಗದಕ್ಕೆ ಸಹಿ ಹಾಕಿದವನೂ ನಾನೇ. ಆ ಕಾಗದವನ್ನು ಅವರು ಬೆಳಕಿಗೆ ಹಿಡಿದು ನೋಡಿ, "ಮಾಸ್ತರ, ನೀವು ಭಾಳ ಛಲೋ ಮನುಷ್ಯಾರು ಅಂತ ಊರೆಲ್ಲಾ ಅಂತೈತಿ. ಊರೆಲ್ಲಾ ಒಂದ ಮಾತು ಅಂದ್ರ ಅದರಾಗ ಏನರೆ ಇರಬೇಕು," ಎಂದು ಕೆಲಸಕ್ಕೆ ಸೇರಿದರು.

ಅವರ ಸಂಶಯಕ್ಕೆ ಜಾತಿ, ಪಕ್ಷ, ವಯಸ್ಸಿನ ಭೇದ ಇರಲಿಲ್ಲ. ಹಾಲು ತಂದವರ ಕ್ಯಾನು ನೋಡುವ ಮೊದಲು ಕಾಲು ನೋಡುತ್ತಿದ್ದರು. ಪಾದ ಒದ್ದೆಯಾಗಿದ್ದರೆ, "ನೀವು ಕಾಲುವಿ ಇಳದ ಬಂದೀರಿ. ಕ್ಯಾನ್ ಇಳದಿಲ್ಲಂತ ಹೆಂಗ ನಂಬೂದು?" ಗೋಡೆಗೆ ಎರಡು ಕ್ಯಾಲೆಂಡರ್ ತೂಗುಹಾಕಿದ್ದರು, ಎರಡೂ ಸೋಮವಾರ ಎಂದರೆ ಸೋಮವಾರ. ಯಾರ ಮನೆಗೆ ಹೋದರೂ ಚಹಾ ಹಾಲಿಲ್ಲದೆ ಕುಡಿಯುತ್ತಿದ್ದರು. "ನನಗ ಎಲ್ಲಾರ ಹಾಲೂ ಗೊತ್ತೈತಿ," ಎನ್ನುವುದು ಅದಕ್ಕೆ ಕೊಡುತ್ತಿದ್ದ ಪೂರ್ಣ ವಿವರಣೆ. ಹಾಲು ಇಟ್ಟ ಕೂಡಲೇ ಫ್ಯಾಟು ತೋರಿಸಿ ಮೊಬೈಲಿಗೆ ಸಂದೇಶ ಕಳಿಸುವ ಯಂತ್ರ ಸಂಘಕ್ಕೆ ಬಂದ ದಿನ ಊರೆಲ್ಲ ಪೂಜೆ ಮಾಡಿತು. ಅವರು ದೂರ ನಿಂತು, "ಅದಕ್ಕ ಮಾರಿ ಇಲ್ಲ. ಮಾರಿ ಇಲ್ಲದವರು ಸುಳ್ಳು ಹೇಳಿದ್ರ ಹೆಂಗ ಗೊತ್ತಾಗಬೇಕು?" ಎಂದರು.

ಅವರು ನಂಬಿದ್ದು, ಅಂದರೆ ಎಲ್ಲಕ್ಕಿಂತ ಕಡಿಮೆ ಸಂಶಯಪಟ್ಟದ್ದು, ಹಳೆಯ ನಳಿಕೆಯ ಪರೀಕ್ಷೆಯನ್ನು. ಓದುವವರಿಗೆ ಅದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನಳಿಕೆಗೆ ಮೊದಲು ಆಸಿಡ್, ಅದರ ಮೇಲೆ ಮೆಲ್ಲಗೆ ಹಾಲು, ಕೊನೆಗೆ ಒಂದಿಷ್ಟು ಸ್ಪಿರಿಟಿನಂಥ ದ್ರವ ಹಾಕಿ, ಬಿರಡೆ ಬಿಗಿದು ಕುಲುಕುತ್ತಾರೆ. ನಳಿಕೆ ಕೈ ಸುಡುವಷ್ಟು ಕಾಯುತ್ತದೆ. ಆಸಿಡ್ ಹಾಲಿನಲ್ಲಿರುವ ಗಟ್ಟಿ ಪದಾರ್ಥವನ್ನೆಲ್ಲ ತಿಂದು ಕರಗಿಸಿಬಿಡುತ್ತದೆ, ಜಿಡ್ಡೊಂದನ್ನು ಬಿಟ್ಟು. ಆಮೇಲೆ ಕೈಯಿಂದ ತಿರುಗಿಸುವ ಚಕ್ರದಲ್ಲಿಟ್ಟು ಗರಗರ ತಿರುಗಿಸಿದರೆ, ಜಿಡ್ಡು ಮೇಲೆ ಬಂದು ತುಪ್ಪದ ಬಣ್ಣದ ಕಂಬವಾಗಿ ನಿಲ್ಲುತ್ತದೆ. ಕೆಳಗೆ ಕಡು ಕಂದು ಬಣ್ಣದ ಆಸಿಡ್ ನಿಲ್ಲುತ್ತದೆ. ಎರಡರ ನಡುವಿನ ಗೆರೆ ಕನ್ನಡಿಯಂತೆ ಹೊಳೆಯಬೇಕು. ಆ ಗೆರೆಯಿಂದ ಮೇಲಕ್ಕೆ, ಗಾಜಿನ ಮೇಲೆ ಕೊರೆದ ಅಳತೆಯ ಎಷ್ಟು ಮನೆ ಜಿಡ್ಡು ಇದೆಯೋ ಅದು ಫ್ಯಾಟು.

ಒಮ್ಮೊಮ್ಮೆ ಗೆರೆ ಹೊಳೆಯುವುದಿಲ್ಲ. ಸಾಸಿವೆಯ ಹತ್ತನೇ ಪಾಲಿನಷ್ಟು ಸಣ್ಣ ಕಣಗಳು ಬಂದು ಆ ಗಡಿಯ ಮೇಲೆ ಸಾಲಾಗಿ ಕೂತುಬಿಡುತ್ತವೆ. ಮೇಲೆ ಹೋಗುವುದಿಲ್ಲ, ಕೆಳಗೂ ಇಳಿಯುವುದಿಲ್ಲ. ನಳಿಕೆ ಮತ್ತೆ ಕುಲುಕಿ, ಮತ್ತೆ ತಿರುಗಿಸಿದರೂ ಅಲ್ಲಿಗೇ ಬಂದು ಕೂಡುತ್ತವೆ. ಸಾರಿನ ಮೇಲೆ ತೇಲುವ ಎಣ್ಣೆಯ ಹನಿಯ ಸುತ್ತ ಖಾರದ ಪುಡಿ ಹೇಗೆ ಅಂಚು ಕಟ್ಟಿಕೊಂಡು ನಿಲ್ಲುತ್ತದೆಯೋ ಹಾಗೆ. ಅರ್ಧ ಮೈ ಎಣ್ಣೆಯಲ್ಲಿ ನೆನೆದಿರುತ್ತದೆ, ಅರ್ಧ ಮೈ ನೀರಿನಲ್ಲಿ; ಎರಡೂ ಕಡೆಯವರು ಹಿಡಿದುಕೊಂಡ ಮೇಲೆ ಬಿಡಿಸಿಕೊಂಡು ಎಲ್ಲಿಗೂ ಹೋಗುವುದಾಗುವುದಿಲ್ಲ. ಇದನ್ನು ನಾನು ಮಕ್ಕಳಿಗೆ ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದ್ದೆ. ಟೆಸ್ಟರು ಒಂದೇ ಮಾತಿನಲ್ಲಿ ಕಲಿಸುತ್ತಿದ್ದರು: "ಜಿಡ್ಡಿನಂವ ಜಿಡ್ಡಿನಾಗ ಇರತಾನ. ನೀರಿನಂವ ನೀರಾಗ ಇರತಾನ. ಗಡಿ ಮ್ಯಾಲ ಕುಂತಾಂವನ್ನ ಹಿಡದು ಕೇಳಬೇಕು."

"ನೀವೂ ಗಡಿ ಊರಿನವರ ಅಲ್ರಿ," ಎಂದೆ ನಾನು.

"ಅದಕ್ಕ ಹೇಳಾಕತ್ತೇನಿ," ಎಂದರು.

ಮೂರು ವರ್ಷದ ಹಿಂದಿನ ಮುಂಗಾರಿನಲ್ಲಿ ಸಿಡಿಲು ಹೊಡೆದು ಯಂತ್ರ ಕೆಟ್ಟಿತು. ಒಂದು ವಾರದಲ್ಲಿ ಬರುತ್ತದೆ ಎಂದು ವಿಜಯಪುರಕ್ಕೆ ಕಳಿಸಿದ್ದು ಎರಡು ತಿಂಗಳು ಬರಲಿಲ್ಲ. ಟೆಸ್ಟರು ಸಂತೋಷಪಟ್ಟರು ಎಂದು ಹೇಳಲಾರೆ, ಆದರೆ ಹಳೆಯ ಚಕ್ರಕ್ಕೆ ಎಣ್ಣೆ ಬಿಡುವಾಗ ಒಂದು ಅಭಂಗ ಗುನುಗಿದ್ದನ್ನು ಕೇಳಿದವರಿದ್ದಾರೆ. ದಿನಕ್ಕೆ ಹತ್ತು ಮನೆಯಂತೆ ಸರದಿಯಲ್ಲಿ ಎಲ್ಲರ ಹಾಲನ್ನೂ ನಳಿಕೆಗೆ ಹಾಕತೊಡಗಿದರು. ಆಸಿಡಿನ ಒಂದು ದೊಡ್ಡ ಬಾಟಲಿಯ ಸೀಲು ಒಡೆದು, ಕಪಾಟಿನಲ್ಲಿಟ್ಟು ದಿನವೂ ಬಳಸುತ್ತಿದ್ದರು. ಕಪಾಟಿಗೆ ಕೀಲಿ ಇರಲಿಲ್ಲ. ಊರಿನ ಯಾರೋ ಟ್ರ್ಯಾಕ್ಟರಿನ ಬ್ಯಾಟರಿಗೆಂದು ಆಸಿಡ್ ಕದಿಯುತ್ತಾರೆ ಎಂಬ ಸಂಶಯ ಅವರಿಗೆ ಬಂತು. ಮುಚ್ಚಳವನ್ನು ಪೂರ್ತಿ ಬಿಗಿದರೆ ಕಳ್ಳನೂ ಪೂರ್ತಿ ಬಿಗಿದೇ ಹೋಗುತ್ತಾನೆ, ಗುರುತು ಸಿಗುವುದಿಲ್ಲ. ಅದಕ್ಕೆ ಮುಚ್ಚಳವನ್ನು ಅರ್ಧ ಮಾತ್ರ ತಿರುವಿ, ಅದರ ಮೇಲೊಂದು, ಬಾಟಲಿಯ ಕುತ್ತಿಗೆಯ ಮೇಲೊಂದು ಪೆನ್ಸಿಲ್ ಗೆರೆ ಎಳೆದು, ಎರಡೂ ಎದುರುಬದುರಾಗಿ ಇರುವಂತೆ ಇಟ್ಟರು. ಯಾರು ಮುಟ್ಟಿದರೂ ಗೆರೆ ತಪ್ಪುತ್ತದೆ. ಇಂಥ ಬುದ್ಧಿ ನಮ್ಮ ತಾಲೂಕಿನಲ್ಲಿ ಇನ್ನೊಬ್ಬರಿಗೆ ಹೊಳೆಯುತ್ತಿರಲಿಲ್ಲ. ನಾನು ಮೆಚ್ಚಿ ತಲೆದೂಗಿದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಆರು ವಾರ ಯಾರೂ ಕದಿಯಲಿಲ್ಲ. ಏಳನೇ ವಾರ ನಮ್ಮ ವೈನಿಯ ಹಾಲಿನಲ್ಲಿ ಬಿಳಿ ಕಣ ಕಂಡಿತು.

ವೈನಿ ಎಂದರೆ ನನ್ನ ಹಿರಿಯಣ್ಣನ ಹೆಂಡತಿ. ಅಣ್ಣನಿಗೆ ಈ ವಯಸ್ಸಿನಲ್ಲೂ ಆಲಮಟ್ಟಿಯಲ್ಲಿ ಕಾಲುವೆ ಗೇಟಿನ ಗುತ್ತಿಗೆ ಕೆಲಸ. ವಾರಕ್ಕೊಮ್ಮೆ ಬಂದು ಉಂಡು ಹೋಗುತ್ತಾನೆ. ಮನೆ, ಹೊಲ, ಮೂರು ಎಮ್ಮೆ, ಎಲ್ಲವೂ ವೈನಿಯದೇ ರಾಜ್ಯಭಾರ. ಆಕೆಯ ಹಾಲಿನಲ್ಲಿ ಕಡ್ಡಿ ನಿಲ್ಲಿಸಿದರೆ ನಿಲ್ಲುತ್ತದೆ ಎಂದು ಊರಲ್ಲಿ ಮಾತಿತ್ತು. ಬಾಣಂತಿ ಇರುವ ಮನೆಯವರು, ಮಠಕ್ಕೆ ಹಾಲು ಒಯ್ಯುವವರು ಹುಡುಕಿಕೊಂಡು ಬರುತ್ತಿದ್ದುದು ಆಕೆಯ ಬಾಗಿಲಿಗೆ. ಬೇರೆ ಹೆಂಗಸರಿಗೆ ಬಂಗಾರ ಇದ್ದ ಹಾಗೆ ವೈನಿಗೆ ಈ ಮಾತು ಇತ್ತು. ಮೈಮೇಲೆ ಹಾಕಿಕೊಂಡು ತಿರುಗುತ್ತಿರಲಿಲ್ಲ, ಆದರೆ ಇದೆ ಎಂಬುದು ನಡಿಗೆಯಲ್ಲಿ ಕಾಣುತ್ತಿತ್ತು.

ಟೆಸ್ಟರು ಮೊದಲ ದಿನ ಏನೂ ಹೇಳಲಿಲ್ಲ. ನೋಟುಬುಕ್ಕಿನಲ್ಲಿ ಬರೆದುಕೊಂಡರು. ಮರುದಿನ ಸರದಿ ಇಲ್ಲದಿದ್ದರೂ ಆಕೆಯ ಹಾಲನ್ನು ಮತ್ತೆ ನಳಿಕೆಗೆ ಹಾಕಿದರು. ಮತ್ತೆ ಅದೇ: ಹಳದಿ ಕಂಬದ ಬುಡದಲ್ಲಿ ಬಿಳಿ ಕಣಗಳ ಒಂದು ತೆಳುವಾದ ಉಂಗುರ. ಅದುವರೆಗೆ ವೈನಿಯನ್ನು "ತಂಗೀ" ಎನ್ನುತ್ತಿದ್ದವರು ಅಂದು "ಸದಸ್ಯರ" ಎಂದರು. ಡೇರಿಯಲ್ಲಿದ್ದ ಹದಿನೈದು ಜನರಿಗೆ ಅಷ್ಟು ಸಾಕಾಯಿತು. ಸಂಜೆಯೊಳಗೆ ವೈನಿ ಹಾಲಿಗೆ ಮೈದಾ ಹಾಕುತ್ತಾಳೆ ಎಂದು ಒಂದು ಓಣಿ, ಸಾಬೂನಿನ ಪುಡಿ ಎಂದು ಇನ್ನೊಂದು ಓಣಿ ಮಾತಾಡಿಕೊಂಡವು. ಇನ್ನಿಬ್ಬರ ಹಾಲಿನಲ್ಲೂ ಒಂದೊಂದು ಕಣ ಕಂಡಿತ್ತು. ಟೆಸ್ಟರು ಅವರನ್ನು ಸಣ್ಣ ಕಳ್ಳರ ಪಟ್ಟಿಗೆ ಸೇರಿಸಿದ್ದರು.

ಸಂಘದ ನಿಯಮ ಸರಳವಾಗಿತ್ತು: ಮೂರು ಸಲ ಕಲಬೆರಕೆ ಕಂಡರೆ ಹೆಸರು ಹಲಗೆಯ ಮೇಲೆ, ಸದಸ್ಯತ್ವ ರದ್ದು. ಎರಡನೇ ಸಲದ ನೋಟಿಸಿಗೆ ಅಧ್ಯಕ್ಷನ ಸಹಿ ಬೇಕು. ಟೆಸ್ಟರು ಕಾಗದ ಹಿಡಿದು ನಮ್ಮ ಮನೆಗೆ ಬಂದರು. ಅಂಗಳದ ಕಟ್ಟೆಯ ಮೇಲೆ ಕೂತು, ನನ್ನ ಹೆಂಡತಿ ಕೊಟ್ಟ ಕರಿಚಹಾ ಮೂಸಿ ನೋಡಿ ಕುಡಿದರು.

"ಸಹಿ ಮಾಡ್ರಿ ಮಾಸ್ತರ."

"ಅವರು ಹಂಗ ಮಾಡೂ ಪೈಕಿ ಅಲ್ರಿ. ನನಗ ನಾಲ್ವತ್ತು ವರ್ಷದಿಂದ ಗೊತ್ತು."

"ಗೊತ್ತಿದ್ದವರ ಮೋಸ ಮಾಡೂದ್ರಿ. ಗೊತ್ತಿಲ್ಲದವರು ಹೆಂಗ ಮಾಡತಾರ?" ಅವರು ನೋಟುಬುಕ್ಕು ತೆಗೆದು ಏನೋ ಬರೆದರು. ಅಧ್ಯಕ್ಷನೂ ಪಟ್ಟಿಗೆ ಸೇರಿದ ಎಂದು ನನಗೆ ಖಾತ್ರಿಯಾಯಿತು.

ಅಷ್ಟರಲ್ಲಿ ವೈನಿಯೇ ಬಂದರು. ನೋಟಿಸಿಗಿಂತ ಮುಂಚೆ ಸುದ್ದಿ ಅವರನ್ನು ಮುಟ್ಟಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಟ್ಟೆಯ ಎದುರು ನಿಂತು, ನನ್ನ ಕಡೆ ನೋಡದೆ ಟೆಸ್ಟರಿಗೆ ಹೇಳಿದರು:

"ಅಣ್ಣಾರ, ನಾ ಏನ್ ಹಾಕ್ತೇನಿ ಹಾಲಿಗೆ? ನಿಮ್ಮ ಬಾಯಿಲೆ ಹೇಳ್ರಿ."

"ಅದ ನನಗ ಗೊತ್ತಿಲ್ಲ. ಏನೋ ಹಾಕ್ತೀರಿ."

"ಏನಂತ ಗೊತ್ತಿಲ್ದ ನನ್ನ ಹೆಸರು ಹಲಿಗಿ ಮ್ಯಾಲ ಬರೀತೀರಿ?"

"ಕಣ ಐತಿ, ಸದಸ್ಯರ. ಗಡಿ ಮ್ಯಾಲ ಕುಂತೈತಿ. ಎರಡೂ ಕಣ್ಣಿಲೆ ನೋಡೇನಿ."

ವೈನಿ ನನ್ನ ಕಡೆ ತಿರುಗಿ, "ಮಾಸ್ತರ, ಸಹಿ ಮಾಡ್ರಿ ನೀವು. ನನ್ನ ಸಲುವಾಗಿ ನಿಮ್ಮ ಹೆಸರು ಕೆಡೂದು ಬ್ಯಾಡ. ಆದ್ರ ಮೂರನೇ ಸಲದ್ದು ಇವರು ನಮ್ಮ ಮನಿಗಿ ಬಂದು, ತಮ್ಮ ಕೈಲೆ ಹಿಂಡಿ, ತಮ್ಮ ಭಾಂಡ್ಯಾದಾಗ ಒಯ್ಯಲಿ. ಆಗೂ ಕಣ ಬಂದ್ರ ನಾಳಿಂದ ನಾ ಡೇರಿ ಕಡೆ ಮಾರಿ ಹಾಕಂಗಿಲ್ಲ. ಮೂರೂ ಎಮ್ಮಿ ಮಾರಿಬಿಡ್ತೇನಿ," ಎಂದರು.

ನಾನು ಸಹಿ ಮಾಡಲಿಲ್ಲ. ಧೈರ್ಯದಿಂದಲ್ಲ, ಪೆನ್ನು ಸಿಗಲಿಲ್ಲ ಎಂದು ಹೇಳಿದೆ. ಪೆನ್ನು ಜೇಬಿನಲ್ಲಿತ್ತು. ಟೆಸ್ಟರು ಅದನ್ನು ನೋಡಿದರು.

ಮರುದಿನ ಬೆಳಗಾಗುತ್ತಲೇ ಅವರು ತಮ್ಮ ಮನೆಯಿಂದ ತಾವೇ ಮೂರು ಸಲ ತೊಳೆದ ತಂಬಿಗೆ ತಂದರು. ವೈನಿಯ ದನದ ಕೊಟ್ಟಿಗೆಯ ಮುಂದೆ ಅರ್ಧ ಊರು ನೆರೆದಿತ್ತು. ಟೆಸ್ಟರು ಮೊದಲು ಎಮ್ಮೆಯ ಮೇವು ಮೂಸಿದರು, ಆಮೇಲೆ ಕುಡಿಯುವ ನೀರು, ಆಮೇಲೆ ಎಮ್ಮೆ. ಎಮ್ಮೆಯೂ ಅವರನ್ನು ಮೂಸಿತು, ಮತ್ತು ಅವರಿಗಿಂತ ಬೇಗ ತೀರ್ಮಾನಕ್ಕೆ ಬಂತು. ಮೊದಲ ಒದೆತಕ್ಕೆ ತಂಬಿಗೆ ಹೋಗಿ ಗೋಡೆಗೆ ಬಡಿಯಿತು.

"ಅದಕ್ಕ ನಾ ಮೈ ಮ್ಯಾಲ ಕೈ ಇಡಬೇಕ್ರಿ, ಇಲ್ಲಾಂದ್ರ ತೊರೆ ಬಿಡಂಗಿಲ್ಲ, ಹಾಲು ಇಳಿಯಂಗಿಲ್ಲ," ಎಂದರು ವೈನಿ.

ಟೆಸ್ಟರು ಯೋಚಿಸಿ, "ಎರಡೂ ಕೈ ನನಗ ಕಾಣುವಂಗ ಇಡ್ರಿ," ಎಂದರು.

ಹೀಗೆ ವೈನಿ ಎಮ್ಮೆಯ ಬೆನ್ನ ಮೇಲೆ ಎರಡೂ ಅಂಗೈ ಊರಿ ನಿಂತರು. ಟೆಸ್ಟರು ಕುಕ್ಕರಗಾಲಿನಲ್ಲಿ ಕೂತು, ಒಂದು ಕಣ್ಣು ಕೆಚ್ಚಲ ಮೇಲೆ, ಇನ್ನೊಂದು ಕಣ್ಣು ಆ ಕೈಗಳ ಮೇಲೆ ಇಟ್ಟು, ಅರ್ಧ ತಂಬಿಗೆ ಹಿಂಡಿದರು. ತಂಬಿಗೆಗೆ ತಮ್ಮ ಟವೆಲ್ ಮುಚ್ಚಿ, ಎದೆಗೆ ಅವಚಿಕೊಂಡು ಡೇರಿಗೆ ನಡೆದರು. ಹಿಂದೆ ಮೆರವಣಿಗೆ.

ನಳಿಕೆ ಕುಲುಕಿದರು, ಚಕ್ರ ತಿರುಗಿಸಿದರು, ಬಾಗಿಲಿನ ಬೆಳಕಿಗೆ ಎತ್ತಿದರು. ಬಲಗಣ್ಣು. ಎಡಗಣ್ಣು. ಮತ್ತೆ ಬಲಗಣ್ಣು. ಕೊನೆಗೆ ಭೂತಗನ್ನಡಿ.

ಬಿಳಿ ಕಣ ಮೊದಲಿಗಿಂತ ಹೆಚ್ಚಾಗಿತ್ತು.

ವೈನಿಯ ಮುಖ ಕೆಟ್ಟಿತು. ಆಕೆಯ ಹಾಲನ್ನು ಹಿಂಡಿದ್ದು ಆಕೆಯಲ್ಲ, ಪಾತ್ರೆ ಆಕೆಯದಲ್ಲ, ಆದರೂ ಕಣ ಆಕೆಯದು. ಆದರೆ ಆ ಕ್ಷಣ ಟೆಸ್ಟರ ಮುಖ ಇನ್ನೂ ಕೆಟ್ಟಿತ್ತು. ಸಂಶಯಪಡುವುದಕ್ಕೆ ಅವರಿಗೆ ಮನುಷ್ಯರೇ ಉಳಿದಿರಲಿಲ್ಲ.

"ಎಮ್ಮಿ ಏನರೆ ಬ್ಯಾರೆ ತಿಂದೈತೇನು?" ಎಂದರು ತಗ್ಗಿದ ದನಿಯಲ್ಲಿ.

"ಎಮ್ಮಿಗೂ ಒಂದು ನೋಟಿಸು ಕೊಡ್ರಿ," ಎಂದರು ವೈನಿ. ಯಾರೋ ನಕ್ಕರು. ವೈನಿ ನಗಲಿಲ್ಲ. ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿದ್ದ ಇತರರ ನಳಿಕೆಗಳ ಕಡೆ ಬೆರಳು ತೋರಿಸಿದರು. ಅದರಲ್ಲಿ ಕಾಲುವೆ ದಂಡೆಯ ಹಿರಿಯರೊಬ್ಬರ ಹಾಲೂ ಇತ್ತು. ಅವರ ಹಾಲಿನಲ್ಲಿ ಮೀನು ಸಿಕ್ಕರೂ ಆಶ್ಚರ್ಯವಿಲ್ಲ ಎನ್ನುವುದು ಊರಿಗೆ ತಿಳಿದ ವಿಷಯ. ಅವರ ನಳಿಕೆಯಲ್ಲಿ ಜಿಡ್ಡು ಗಿಡ್ಡವಾಗಿತ್ತು, ಆದರೆ ಗಡಿ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. "ನೋಡ್ರಿ, ಕಾಕಾರ ಹಾಲು ಎಷ್ಟ ಸ್ವಚ್ಛ ಐತಿ. ನಮ್ಮ ಹಾಲಿಗೂ ಅವರಂಗ ಒಂದು ಕೊಡ ನೀರು ಹಾಕ್ರಿ. ಕಣಾ ಪಣಾ ಎಲ್ಲಾ ತೊಳದು ಹೋಗತಾವು."

ಇದು ಚುಚ್ಚುಮಾತು. ಅಲ್ಲಿದ್ದವರೆಲ್ಲ ಹಾಗೆಯೇ ತಿಳಿದೆವು. ಆದರೆ ಟೆಸ್ಟರು ಯಾವ ಮಾತನ್ನೂ ಹೇಳಿದ ಹಾಗೆ ನಂಬುವವರಲ್ಲವಾದ್ದರಿಂದ, ಇದನ್ನೂ ಬರೀ ಚುಚ್ಚುಮಾತೆಂದು ನಂಬಲಿಲ್ಲ. ಒಂದು ಲೋಟದಲ್ಲಿ ವೈನಿಯ ಹಾಲು ಅರ್ಧ, ನೀರು ಅರ್ಧ ಸುರಿದು ಕಲಸಿ, ಹೊಸ ನಳಿಕೆಗೆ ಹಾಕಿದರು. ತಿರುಗಿಸಿದರು. ಎತ್ತಿದರು.

ಗಡಿ ಹೊಳೆಯುತ್ತಿತ್ತು. ಒಂದು ಕಣವೂ ಇರಲಿಲ್ಲ.

ನೀರು ಬೆರೆಸದ ಹಾಲು ಕಲಬೆರಕೆ, ನೀರು ಬೆರೆಸಿದ ಹಾಲು ಶುದ್ಧ ಎಂದು ನಳಿಕೆ ಹೇಳುತ್ತಿತ್ತು. ಟೆಸ್ಟರು ಎರಡೂ ನಳಿಕೆಗಳನ್ನು ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನಿಂತರು. ಅವರ ತುಟಿ ಮರಾಠಿಯಲ್ಲಿ ಅಲುಗಾಡುತ್ತಿತ್ತು. ಆಮೇಲೆ ಕಪಾಟಿನ ಬಳಿ ಹೋಗಿ ಆಸಿಡಿನ ಬಾಟಲಿಯನ್ನು ತೆಗೆದು, ಆ ಎರಡು ಪೆನ್ಸಿಲ್ ಗೆರೆಗಳನ್ನು ನೋಡಿದರು. ಗೆರೆಗಳು ಎದುರುಬದುರಾಗಿಯೇ ಇದ್ದವು. ಯಾರೂ ಮುಟ್ಟಿರಲಿಲ್ಲ. ಮುಚ್ಚಳ ಏಳು ವಾರದಿಂದ ಅರ್ಧ ತೆರೆದೇ ಇತ್ತು.

ಆ ಬಗೆಯ ಆಸಿಡ್ ಬಾಯಾರಿದ ಎತ್ತಿನ ಹಾಗೆ. ಗಾಳಿಯಲ್ಲಿ ತೇವ ಇದ್ದರೆ ಕುಡಿಯುತ್ತಲೇ ಇರುತ್ತದೆ. ಮಳೆಗಾಲದ ಗಾಳಿಯನ್ನು ಏಳು ವಾರ ಕುಡಿದು ಅದು ನೀರಾಗಿ, ಸಪ್ಪಗಾಗಿತ್ತು. ತೆಳು ಹಾಲನ್ನು ತಿನ್ನುವಷ್ಟು ಶಕ್ತಿ ಉಳಿದಿತ್ತು. ಗಟ್ಟಿ ಹಾಲನ್ನು ಪೂರ್ತಿ ತಿನ್ನಲಾಗದೆ ಒಂದಿಷ್ಟು ಕೆನೆಮೊಸರಿನಂಥ ಎಂಜಲು ಬಿಡುತ್ತಿತ್ತು. ಆ ಎಂಜಲು ಬಂದು ಗಡಿಯ ಮೇಲೆ ಕೂಡುತ್ತಿತ್ತು. ಊರಲ್ಲಿ ಯಾರ ಹಾಲು ಎಲ್ಲಕ್ಕಿಂತ ಗಟ್ಟಿಯೋ ಅವರ ನಳಿಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು. ಸಣ್ಣ ಕಳ್ಳರಿಬ್ಬರೂ ಊರಿನ ಎರಡನೇ ಮತ್ತು ಮೂರನೇ ಒಳ್ಳೆಯ ಎಮ್ಮೆಯವರು.

ಇದನ್ನೆಲ್ಲ ಹೇಳಬೇಕಾದವನು, ವಿಜ್ಞಾನ ಕಲಿಸಿದವನು, ನಾನು. ನನಗೆ ಹೊಳೆದಿರಲಿಲ್ಲ. ಟೆಸ್ಟರು ಮಾತಿಲ್ಲದೆ ಕಾಗದದ ಮೇಲೆ ಎರಡು ಚಿಟಿಕೆ ಸಕ್ಕರೆ ಹಾಕಿ, ಒಂದಕ್ಕೆ ಹಳೆಯ ಬಾಟಲಿಯ ಹನಿ, ಇನ್ನೊಂದಕ್ಕೆ ಒಳಕೋಣೆಯಿಂದ ತಂದ ಸೀಲು ಒಡೆಯದ ಬಾಟಲಿಯ ಹನಿ ಬಿಟ್ಟರು. ಹೊಸದು ಸಕ್ಕರೆಯನ್ನು ನೋಡನೋಡುತ್ತ ಇದ್ದಿಲು ಮಾಡಿತು. ಹಳೆಯದು ಅದಕ್ಕೆ ಚಹಾದ ಬಣ್ಣ ಬರಿಸಿ ಸುಮ್ಮನಾಯಿತು. ಹೊಸ ಆಸಿಡಿನಲ್ಲಿ ವೈನಿಯ ನೀರು ಬೆರೆಸದ ಹಾಲನ್ನು ಮತ್ತೆ ಪರೀಕ್ಷಿಸಿದರು. ಗಡಿ ಕನ್ನಡಿಯಾಗಿತ್ತು. ಫ್ಯಾಟು ಎಂಟು.

ಅವರು ನಳಿಕೆಯನ್ನು ವೈನಿಯ ಕೈಗೆ ಕೊಟ್ಟರು. "ನೀವ ನೋಡ್ರಿ ತಂಗೀ. ನನ್ನ ಕಣ್ಣಿನ ಮ್ಯಾಲ ಬಿಡಬ್ಯಾಡ್ರಿ."

ವೈನಿ ನೋಡಿದರು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಅಣಕಿಸುವುದಕ್ಕೆ ಹಾಗೆ ಮಾಡಿದರೋ ಏನೋ, ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ. "ಎಂಟು," ಎಂದು ಹೇಳಿ, ತಂಬಿಗೆಯಲ್ಲಿ ಉಳಿದ ಹಾಲನ್ನು ಅಲ್ಲೇ ಬಿಟ್ಟು, ಮನೆಗೆ ಹೋದರು. ಅಳು ಬಂದದ್ದು ಮನೆ ಮುಟ್ಟಿದ ಮೇಲೆ ಎಂದು ನನ್ನ ಹೆಂಡತಿ ಹೇಳಿದಳು.

ಅಂದು ಸಂಜೆ ಟೆಸ್ಟರು ಅದೇ ನೋಟಿಸು ಹಿಡಿದು ಮತ್ತೆ ನಮ್ಮ ಕಟ್ಟೆಗೆ ಬಂದರು. ವೈನಿಯ ಹೆಸರನ್ನು ಗೆರೆ ಎಳೆದು ಹೊಡೆದು, ಆ ಜಾಗದಲ್ಲಿ ತಮ್ಮ ಹೆಸರು ಬರೆದಿದ್ದರು. ತಪ್ಪಿನ ವಿವರ ಎಂಬಲ್ಲಿ, "ಮುಚ್ಚಳ ಬಿಗಿಯಲಿಲ್ಲ, ಎಲ್ಲರನ್ನೂ ಸಂಶಯಿಸಿ ಆಸಿಡನ್ನು ನಂಬಿದ," ಎಂದಿತ್ತು.

"ಇದು ಬ್ಯಾಡ ಬಿಡ್ರಿ," ಎಂದೆ.

"ಪೆನ್ನು ಜೇಬಿನಾಗ ಐತಿ ಮಾಸ್ತರ. ನಿನ್ನೇನೂ ಇತ್ತು."

ಸಹಿ ಮಾಡಿದೆ. ಏಳು ದಿನ ಆ ಕಾಗದ ಡೇರಿಯ ಹಲಗೆಯ ಮೇಲೆ ಇತ್ತು. ಕನಿಕರದಿಂದ ಯಾರಾದರೂ ಹರಿದು ಒಯ್ದಾರೆಂದು ಅವರು ದಿನಕ್ಕೆರಡು ಸಲ ಹೋಗಿ ನೋಡಿ ಬರುತ್ತಿದ್ದರು.

ಇದರಿಂದ ಅವರ ಸಂಶಯ ಕಡಿಮೆಯಾಯಿತು ಎಂದು ಬರೆದರೆ ಕತೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಒಂದು ಹೆಸರು ಹೆಚ್ಚಾಯಿತು, ಅಷ್ಟೆ. ಯಂತ್ರ ತಿರುಗಿ ಬಂದ ಮೇಲೂ ನಳಿಕೆ ಬಿಡದೆ, ಪ್ರತಿ ಮುಂಜಾನೆ ಯಾರ ಹಾಲು ಮುಟ್ಟುವ ಮೊದಲೂ ಸಕ್ಕರೆಯ ಮೇಲೆ ಒಂದು ಹನಿ ಬಿಟ್ಟು ಆಸಿಡ್ ಪರೀಕ್ಷೆ ಮಾಡತೊಡಗಿದರು. ಸೋಮವಾರಕ್ಕೊಮ್ಮೆ ವೈನಿಯನ್ನು ಕರೆಸಿ, ತಾವು ಪರೀಕ್ಷೆ ಮಾಡುವಾಗ ತಮ್ಮ ಕೈ ನೋಡುತ್ತ ನಿಲ್ಲುವುದಕ್ಕೆ ಹೇಳಿದರು. ವೈನಿ ಮೊದಲು ಬರುವುದಿಲ್ಲ ಎಂದರು, ಆಮೇಲೆ ಬಂದರು, ಆಮೇಲೆ ಬಿಡಲಿಲ್ಲ. ಆಸಿಡ್ ಮೊದಲು ಯಾಕೆ, ಹಾಲನ್ನು ನಳಿಕೆಯ ಗೋಡೆಗುಂಟ ಯಾಕೆ ಇಳಿಸಬೇಕು, ಕರಿ ಕಣ ಬಂದರೆ ಆಸಿಡ್ ಜೋರು, ಬಿಳಿ ಕಣ ಬಂದರೆ ಆಸಿಡ್ ಸಪ್ಪ, ಎಲ್ಲವನ್ನೂ ಕೇಳಿ ಕೇಳಿ ಕಲಿತರು. ಕೇಳಿದ್ದಕ್ಕೆ ಸಿಕ್ಕ ಉತ್ತರವನ್ನು ನಂಬದೆ ಮತ್ತೆ ಕೇಳುತ್ತಿದ್ದರು. ಯಾಕೆ ಇಷ್ಟು ಕಲಿಸುತ್ತೀರಿ ಎಂದು ನಾನು ಕೇಳಿದೆ.

"ಈ ಊರಾಗ ನನ್ನ ಮ್ಯಾಲ ಸಂಶೆ ಪಡೂ ಮನಷ್ಯಾಳು ಆಕಿ ಒಬ್ಬಾಕಿನ," ಎಂದರು. "ಉಳದವರೆಲ್ಲಾ ನನಗ ಅಂಜತೀರಿ. ಅಂಜೂ ಮಂದಿ ಯಾತಕ್ಕೂ ಉಪಯೋಗ ಇಲ್ಲ."

ನನ್ನ ಮಟ್ಟಿಗೆ ಅವರಿಂದ ಆದ ಉಪಕಾರ ಸುಖದ್ದಲ್ಲ. ಮೂವತ್ತೊಂದು ವರ್ಷ ಶಾಲೆಯ ಪ್ರಯೋಗಾಲಯದಲ್ಲಿ ಮಕ್ಕಳ ಪ್ರಯೋಗ ತಪ್ಪಿದಾಗಲೆಲ್ಲ ನಾನು ಮಕ್ಕಳಿಗೆ ಬೈದಿದ್ದೇನೆ, ಉತ್ತರಕ್ಕೆ ಕೆಂಪು ಗೆರೆ ಎಳೆದಿದ್ದೇನೆ. ಕಪಾಟಿನ ಬಾಟಲಿಗಳ ಮುಚ್ಚಳ ಬಿಗಿಯಾಗಿದೆಯೇ ಎಂದು ಒಮ್ಮೆಯೂ ನೋಡಿರಲಿಲ್ಲ. ಅವರಲ್ಲಿ ಒಬ್ಬ ಹುಡುಗಿ, ಈಗ ಮುದ್ದೇಬಿಹಾಳದ ಕಡೆಗೆ ಮದುವೆ ಮಾಡಿ ಕೊಟ್ಟವಳು, "ನಾ ಸರಿಯಾಗೇ ಮಾಡೇನ್ರಿ ಸರ್," ಎಂದು ಎರಡು ಸಲ ಹೇಳಿದ್ದಳು. ಎರಡನೇ ಸಲ ಹೊರಗೆ ನಿಲ್ಲಿಸಿದ್ದೆ. ಟೆಸ್ಟರ ನೋಟಿಸು ಹಲಗೆಯ ಮೇಲಿದ್ದ ಆ ಏಳು ದಿನ ಆಕೆಯ ಮುಖ ನನಗೆ ದಿನವೂ ನೆನಪಾಗುತ್ತಿತ್ತು. ಆಮೇಲೆ ಊರು ಹುಡುಕಿ ಒಂದು ಕಾಗದ ಬರೆದೆ. ಉತ್ತರ ಬಂದಿಲ್ಲ. ಬರಬೇಕೆಂದು ನಿಯಮವೂ ಇಲ್ಲ.

ಟೆಸ್ಟರು ಕಳೆದ ಬೇಸಿಗೆಯಲ್ಲಿ ತಂಗಿಯ ಮನೆಗೆಂದು ಅಗರಖೇಡಕ್ಕೆ ಹೋದವರು ಅಲ್ಲೇ ತೀರಿಕೊಂಡರು. ಎದೆನೋವು ಎಂದಾಗ ಡಾಕ್ಟರು ಗುಳಿಗೆ ಕೊಟ್ಟರಂತೆ. ಇವರು ಅದನ್ನು ಅಂಗೈಯಲ್ಲಿಟ್ಟುಕೊಂಡು, ಇದರಲ್ಲಿ ಏನಿದೆ ಎಂದು ಕೇಳುತ್ತಿದ್ದರಂತೆ. ಡಾಕ್ಟರು ಹೇಳಿ ಮುಗಿಸುವ ಹೊತ್ತಿಗೆ ನುಂಗಿದರು, ಆದರೆ ತಡವಾಗಿತ್ತು. ನಾನೂ ವೈನಿಯೂ ಮಣ್ಣಿಗೆ ಹೋಗಿದ್ದೆವು. ವೈನಿ ಬರುವಾಗ ಬಸ್ಸಿನಲ್ಲಿ ಇಂಡಿ ದಾಟಿದ ಮೇಲೆ, "ಆ ಡಾಕ್ಟರು ಹೇಳಿದ್ದು ಖರೇ ಇರಬೇಕಾ ಮಾಸ್ತರ?" ಎಂದು ಕೇಳಿದರು.

ಸಂಘದ ಸಭೆ ಸೇರಿ, ತೆರವಾದ ಜಾಗಕ್ಕೆ ಅರ್ಜಿ ಕರೆಯಿತು. ಒಂದೇ ಅರ್ಜಿ ಬಂತು. ಈಗ ನಮ್ಮೂರ ಡೇರಿಯ ಟೆಸ್ಟರು ನಮ್ಮ ವೈನಿ. ಹೋದ ತಿಂಗಳು ನಮ್ಮ ಮನೆಯ ಹಾಲನ್ನು ಎರಡು ಸಲ ವಾಪಸು ಕಳಿಸಿದ್ದಾರೆ.